ದೆವ್ವವೂ ಇರಲಿ, ಮರುಜನ್ಮವೂ ಇರಲಿ: ಪ್ರೇಮಕಥೆಯಲ್ಲಿ ಲೆಕ್ಕ ತಪ್ಪದಂತೆ ಬರೆಯುವುದು

ಎರಡು ಜನ್ಮಗಳ ಪ್ರೇಮಕಥೆಗೆ ಕೂತಾಗ ನಾನು ಮೊದಲು ಬರೆಯುವುದು ಕಥೆಯನ್ನಲ್ಲ, ಇಸವಿಗಳ ಪಟ್ಟಿಯನ್ನು. ಸತ್ತವನು ದೆವ್ವವಾಗಿ ಉಳಿದಿದ್ದರೆ ಅವನು ಮತ್ತೆ ಹುಟ್ಟಿಲ್ಲ. ಹುಟ್ಟಿದ್ದರೆ ಅವನ ದೆವ್ವ ಅಲೆಯಲಾರದು. ಒಂದು ಜೀವ ಒಂದು ಹೊತ್ತಿಗೆ ಒಂದೇ ಕಡೆ. ಈ ಬಗೆಯ ಕಾದಂಬರಿಗಳು ಹೆಚ್ಚಾಗಿ ಎಡವುವುದು ಇಲ್ಲೇ. ಆದ್ದರಿಂದ ಜೋಡಿಯಲ್ಲಿ ಉಳಿದವರು ಯಾರು, ಮರಳಿ ಬಂದವರು ಯಾರು ಎಂದು ಮೊದಲೇ ಗೊತ್ತುಮಾಡಿಕೊಳ್ಳುತ್ತೇನೆ.

ನಾಯಕ 1975ರಲ್ಲಿ, 26ನೇ ವಯಸ್ಸಿನಲ್ಲಿ ಸತ್ತ ಎನ್ನಿ. ಕಥೆ ನಡೆಯುವುದು 2024ರಲ್ಲಿ, ನಾಯಕಿಗೆ ಈಗ 24. ಅಲ್ಲಿಗೆ ಅವಳು ಹುಟ್ಟಿದ್ದು 2000ದಲ್ಲಿ, ಹಿಂದಿನ ಜನ್ಮ ಮುಗಿದದ್ದು 1998ರ ಸುಮಾರಿಗೆ. 1975ರಲ್ಲಿ ಅವಳಿಗೆ 22 ಆಗಿದ್ದರೆ, ಅವನಿಲ್ಲದೆ 23 ವರ್ಷ ಬದುಕಿದ್ದಾಳೆ. ಆ ವರ್ಷಗಳನ್ನು ಹೇಗೆ ಕಳೆದಳು? ಮತ್ತೆ ಮದುವೆಯಾದಳೆ? 1979ರಲ್ಲಿ ಹುಟ್ಟಿದ ಮಗನೊಬ್ಬನಿದ್ದರೆ ಅವನಿಗೀಗ 45, ಹಳೆಯ ಜನ್ಮದ ತಾಯಿ ಅವನಿಗಿಂತ 21 ವರ್ಷ ಚಿಕ್ಕವಳು. ಆ ಭೇಟಿಯ ದೃಶ್ಯ ತಾನಾಗಿಯೇ ಬರೆಸಿಕೊಳ್ಳುತ್ತದೆ. ಇಬ್ಬರನ್ನೂ ಒಂದೇ ಅಪಘಾತದಲ್ಲಿ ಕೊಂದುಬಿಟ್ಟರೆ ಇದೆಲ್ಲ ಕೈತಪ್ಪುತ್ತದೆ. ಜೊತೆಗೆ 25 ವರ್ಷ ಅವಳ ಜೀವ ಎಲ್ಲಿತ್ತು ಎಂದು ಓದುಗರು ಕೇಳಿದರೆ ಉತ್ತರವಿರುವುದಿಲ್ಲ.

ಸಾವಿಗೂ ಮರುಹುಟ್ಟಿಗೂ ನಡುವಿನ ಅಂತರಕ್ಕೆ ಒಂದೇ ನಿಯಮ ಇರಬೇಕು. ಬೃಹದಾರಣ್ಯಕ ಉಪನಿಷತ್ತಿನ ಹುಳು ಒಂದು ಹುಲ್ಲೆಸಳಿನ ತುದಿ ತಲುಪಿ, ಇನ್ನೊಂದನ್ನು ಹಿಡಿದ ಮೇಲೆಯೇ ಮೈ ಎಳೆದುಕೊಳ್ಳುತ್ತದೆ, ಜೀವವೂ ಹಾಗೆಯೇ ದೇಹ ಬದಲಿಸುತ್ತದೆ. ಅಕ್ಷರಶಃ ಹಿಡಿದರೆ ಈ ನಿಯಮದಲ್ಲಿ ದೆವ್ವಕ್ಕೆ ಜಾಗವಿಲ್ಲ. ಟಿಬೆಟಿನ ಬೌದ್ಧ ಪರಂಪರೆಯಲ್ಲಿ 49 ದಿನಗಳವರೆಗಿನ ನಡುವಣ ಸ್ಥಿತಿಯೊಂದಿದೆ. ಕಾಲದ ಒತ್ತಡವಿರುವ ಸಣ್ಣ ಕಥೆಗೆ ಅದು ಒಳ್ಳೆಯದು, ದಶಕಗಳ ಕಾಯುವಿಕೆಗೆ ಸಾಲದು. ಬೌದ್ಧರ ಇನ್ನೊಂದು ಪಂಥವಾದ ಥೇರವಾದದಲ್ಲಿ ಪ್ರೇತವಾಗುವುದೂ ಒಂದು ಹುಟ್ಟೇ, ಅದು ಮುಗಿದ ಮೇಲೆ ಮುಂದಿನದು. ನಾನು ಹೆಚ್ಚಾಗಿ ಆರಿಸಿಕೊಳ್ಳುವುದು ಇದನ್ನು, ಏಕೆಂದರೆ ದೆವ್ವದ ಬಾಳಿಗೂ ಕೊನೆಯಿದೆ ಎಂದಾದಾಗ ಕಥೆಗೆ ಗಡುವು ಸಿಗುತ್ತದೆ.

ನೆನಪು ಮರಳುವ ಬಗೆಯಲ್ಲಿ ಆತುರ ಕೂಡದು. ವರ್ಜೀನಿಯಾ ವಿಶ್ವವಿದ್ಯಾಲಯದ ಮನೋವೈದ್ಯ ಇಯಾನ್ ಸ್ಟೀವನ್‌ಸನ್ ಹಿಂದಿನ ಜನ್ಮ ನೆನಪಿದೆ ಎನ್ನುವ ಮಕ್ಕಳ ಪ್ರಕರಣಗಳನ್ನು ದಶಕಗಳ ಕಾಲ ದಾಖಲಿಸಿದರು. ಅವುಗಳಲ್ಲಿ ಮಕ್ಕಳು ಸಾಮಾನ್ಯವಾಗಿ 2ರಿಂದ 5 ವರ್ಷದೊಳಗೆ ಹೇಳತೊಡಗಿ, 8ರ ಹೊತ್ತಿಗೆ ಬಿಟ್ಟುಬಿಡುತ್ತಾರೆ. ಅದನ್ನು ನಂಬುವುದು ಬಿಡುವುದು ಬೇರೆ ಮಾತು, ಕಥೆಗಾರರಿಗೆ ಈ ಕ್ರಮ ತುಂಬ ಒದಗುತ್ತದೆ. 24ರ ಹುಡುಗಿಗೆ ಎಲ್ಲವೂ ಒಮ್ಮೆಲೇ ಹೊಳೆಯುವುದಕ್ಕಿಂತ, 3ನೇ ವಯಸ್ಸಿನಲ್ಲಿ ಅವಳು ಆಡಿ ಮರೆತ ಮಾತನ್ನು ಅವಳ ಅಮ್ಮ ಮರೆತಿಲ್ಲ ಎಂದಾಗ ಮೈ ಜುಮ್ಮೆನ್ನುತ್ತದೆ. 60,000 ಪದಗಳ ಕಾದಂಬರಿಗೆ ಐದಾರು ನೆನಪುಗಳು ಸಾಕು, ಒಂದೊಂದೂ 150 ಪದ ದಾಟದಂತೆ. ಮೊದಲು ಕೈಗೆ ಗೊತ್ತಿರುವುದು ಬರಲಿ, ಕಲಿಯದ ಗಂಟೊಂದನ್ನು ಹಾಕುವಂಥದ್ದು. ಆಮೇಲೆ ಸ್ಥಳ, ಆಮೇಲೆ ಮುಖ, ಸಾವಿನ ನೆನಪು ಮುಕ್ಕಾಲು ಭಾಗದ ಹೊತ್ತಿಗೆ. ಪ್ರತಿ ನೆನಪಿನ ಬೆನ್ನಿಗೇ ಅವಳು ಏನಾದರೂ ಮಾಡಬೇಕು: ಬಾಗಿಲು ತೆರೆಯಬೇಕು, ಯಾರನ್ನೋ ಹುಡುಕಿಕೊಂಡು ಹೋಗಬೇಕು. ಸುಮ್ಮನೆ ಕಣ್ಣೀರು ತರಿಸುವ ನೆನಪನ್ನು ನಾನು ತೆಗೆದುಹಾಕುತ್ತೇನೆ.

ದೆವ್ವಕ್ಕೆ ಒಂದು ಹಾಳೆ ಬೇರೆಯೇ ಇರುತ್ತದೆ. ಎಲ್ಲಿಯವರೆಗೆ ಹೋಗಬಲ್ಲ, ಯಾರ ಕಣ್ಣಿಗೆ ಬೀಳುತ್ತಾನೆ, ಏನನ್ನು ಮುಟ್ಟಬಲ್ಲ, ಮುಟ್ಟಿದರೆ ಏನನ್ನು ಕಳೆದುಕೊಳ್ಳುತ್ತಾನೆ. ಪ್ರೇಮದ ತೂಕವೆಲ್ಲ ಕೊನೆಯ ಪ್ರಶ್ನೆಯ ಮೇಲಿದೆ. ಪ್ರತಿ ಸ್ಪರ್ಶಕ್ಕೂ ಅವನ ಒಂದು ನೆನಪು ಅಳಿಯುವುದಾದರೆ, ಅವಳಿಗೆ ನೆನಪು ಕೂಡುತ್ತ ಹೋದಂತೆ ಅವನಿಗೆ ಕಳೆಯುತ್ತ ಹೋಗುತ್ತದೆ, ಇಬ್ಬರೂ ಒಂದೇ ಮಟ್ಟದಲ್ಲಿ ನಿಲ್ಲುವುದು ಒಂದು ಸಂಜೆ ಮಾತ್ರ. ನಿಯಮಗಳೆಲ್ಲ ಮೊದಲ ಮೂರನೇ ಒಂದು ಭಾಗದಲ್ಲಿ ಕಾಣಿಸಿರಬೇಕು. ಅವನ ತಿಳುವಳಿಕೆಗೂ ಎಲ್ಲೆ ಬೇಕು: ಮನೆಗೆ ಕಟ್ಟುಬಿದ್ದ ದೆವ್ವಕ್ಕೆ ಒಳಗೆ ಬಂದ ಮೊಬೈಲ್ ಗೊತ್ತು, ಹೊರಗಿನ ರಸ್ತೆ ಬದಲಾದದ್ದು ಗೊತ್ತಿಲ್ಲ. ತಣ್ಣನೆಯ ಗಾಳಿ, ಮಿಣುಕುವ ದೀಪ ಸವೆದು ಹೋಗಿವೆ. ಅವನ ಕಾಲದ ಒಂದು ಅಭ್ಯಾಸದಿಂದಲೇ ಅವನಿದ್ದಾನೆಂದು ತೋರಿಸಬಹುದು.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಅವನಿಗೆ ಎಲ್ಲ ಗೊತ್ತಿದ್ದು ಅವಳಿಗೆ ಏನೂ ಗೊತ್ತಿಲ್ಲದಿರುವುದು. ಅದನ್ನು ಮುಚ್ಚಿಟ್ಟು ಅವನು ಹತ್ತಿರವಾದರೆ ಅದು ಪ್ರೀತಿಯಲ್ಲ, ಮೋಸ. ಮೊದಲ ಮುತ್ತಿಗಿಂತ ಮುಂಚೆ ಅವನು ಬಾಯಿ ಬಿಡಬೇಕು. ಕಥೆಯ ನಡುಭಾಗದಲ್ಲಿ ‘ನಾನು ಅವಳಲ್ಲ’ ಎಂದು ಅವಳು ಎದ್ದು ಹೋಗುವ ದೃಶ್ಯವನ್ನು ನಾನು ಎಂದೂ ಬಿಡುವುದಿಲ್ಲ. ಕರಡು ಮುಗಿದ ಮೇಲೆ ನೆನಪಿನ ದೃಶ್ಯಗಳನ್ನೆಲ್ಲ ಬದಿಗಿಟ್ಟು ಉಳಿದದ್ದನ್ನು ಓದುತ್ತೇನೆ. ಆಗಲೂ ಅವರಿಬ್ಬರ ನಡುವೆ ಒಲವು ಉಳಿದಿದೆಯೆ? ಇಲ್ಲದಿದ್ದರೆ ಕೊರತೆ ಇರುವುದು ಇಂದಿನ ಕಥೆಯಲ್ಲಿ. ಒಂದು ಜಗಳ, ಇಬ್ಬರೂ ಕೂಡಿ ಮಾಡುವ ಒಂದು ಕೆಲಸ, ಒಂದು ನಗು ಸೇರಿಸಿದರೆ ಸರಿಹೋಗುತ್ತದೆ.

ಅಂತ್ಯಕ್ಕೆ ದಾರಿಗಳು ಕಡಿಮೆ. ಅವನು ತಕ್ಷಣ ಹುಟ್ಟಿಬಂದರೆ ಅವಳಿಗೆ 24 ಇರುವಾಗ ಅವನು ತೊಟ್ಟಿಲಲ್ಲಿ, ಅಲ್ಲಿಗೆ ಪ್ರೇಮಕಥೆ ಮುಗಿಯಿತು. ಬೇರೊಬ್ಬನ ಮೈ ಸೇರಿದರೆ ಆ ಮೈಯವನ ಬದುಕು ಏನಾಯಿತು ಎಂಬ ಪ್ರಶ್ನೆ ಕಾಡುತ್ತದೆ. ಅವನನ್ನು ಸೇರಲು ಅವಳು ಸಾಯುವುದನ್ನು ನಾನು ಬರೆಯುವುದಿಲ್ಲ, ಸಾವನ್ನು ಬಹುಮಾನದಂತೆ ತೋರಿಸಬಾರದು. ನನಗೆ ಒಪ್ಪಿಗೆಯಾಗುವುದು ಮೂರನೇ ಹುಟ್ಟು: ಅವಳು ತುಂಬು ಬಾಳು ಬಾಳುತ್ತಾಳೆ, ಅವನು ಕಾಯುತ್ತಾನೆ, ಆಮೇಲೆ ಇಬ್ಬರೂ ಒಂದೇ ಕಾಲದಲ್ಲಿ ಹುಟ್ಟುತ್ತಾರೆ. ಆದರೆ ಪ್ರೇತ ತನ್ನ ಗಡುವನ್ನು ಒಮ್ಮೆ ಮಾತ್ರ, ಬೆಲೆ ತೆತ್ತು, ಮುಂದೂಡಬಲ್ಲದು ಎಂಬುದು ಮೊದಲ ಕೆಲವು ಅಧ್ಯಾಯಗಳಲ್ಲೇ, ಯಾವುದೋ ಬೇರೆ ದೆವ್ವದ ನೆಪದಲ್ಲಿ ಬಂದುಹೋಗಿರಬೇಕು.