ಚಾಕು ಒರೆಗೆ ಶೇಪ್ ಕೂರಿಸೋದು ಹೆಂಗೆ

ಚಾಕುಗೆ ಚರ್ಮದ ಒರೆ ಹೊಲಿಯೋರು ಒಂದು ನೋಡ್ಕೊಳ್ಳಿ, ಕ್ರೋಮ್ ಹದ ಮಾಡಿದ (ಕ್ರೋಮಿಯಂ ಉಪ್ಪಲ್ಲಿ ಹದ ಮಾಡಿದ) ಚರ್ಮ ಎಷ್ಟು ಒತ್ತಿದ್ರೂ ಶೇಪ್ ನಿಲ್ಲಲ್ಲ, ವೆಜ್ ಟ್ಯಾನೇ (ಮರದ ತೊಗಟೆ ಥರದ ಸಸ್ಯದ ರಸದಲ್ಲಿ ಹದ ಮಾಡಿದ ಚರ್ಮ) ಬೇಕು, 3 ಎಂಎಂ ದಪ್ಪ ಸಾಕು. ಹೊಲಿಗೆ ಮುಗಿದ್ಮೇಲೆ ಉಗುರುಬೆಚ್ಚಗಿನ ನೀರಲ್ಲಿ ಅದ್ದಿ, ಗುಳ್ಳೆ ಬರೋದು ನಿಂತ ತಕ್ಷಣ ತೆಗೆದು ಸ್ವಲ್ಪ ಆರೋಕೆ ಬಿಡಿ. ಚಾಕುಗೆ ಎಣ್ಣೆ ಸವರಿ ಪ್ಲಾಸ್ಟಿಕ್ ಕವರ್ ಬಿಗಿಯಾಗಿ ಸುತ್ತಿ ಒಳಗೆ ಹಾಕಿ, ಇಲ್ಲಾಂದ್ರೆ ಒದ್ದೆ ಚರ್ಮಕ್ಕೆ ಕಬ್ಬಿಣ ತಾಗಿದ ಕಡೆಯೆಲ್ಲ ಕಪ್ಪು ಕಲೆ ಬೀಳುತ್ತೆ, ನಂದು ಮೊದಲ್ನೇದು ಹಂಗೇ ಹಾಳಾಯ್ತು. ಒತ್ತೋಕೆ ದುಬಾರಿ ಟೂಲ್ ಏನೂ ಬೇಡ, ಸ್ಟೀಲ್ ಚಮಚದ ಹಿಂಭಾಗದಲ್ಲಿ ಚಾಕು ಹಿಡಿಯ ಸುತ್ತ ಚರ್ಮನ ನಿಧಾನಕ್ಕೆ ತೀಡಿ, ಉಗುರು ಮಾತ್ರ ತಾಗಿಸ್ಬೇಡಿ ಆ ಗುರುತು ಆಮೇಲೆ ಹೋಗಲ್ಲ. ಶೇಪ್ ಕೂತ್ಮೇಲೆ ಚಾಕು ತೆಗೆದು ನೆರಳಲ್ಲೇ ಒಣಗಿಸಿ, ಬಿಸಿಲಿಗಿಟ್ರೆ ಹಪ್ಪಳ ಆಗುತ್ತೆ ಅಷ್ಟೇ 😄