ಹಾಲೆಂಡಿನಲ್ಲಿ ಸೈಕಲ್–ಬಾರ್ಜ್ ಪ್ರವಾಸ: ತಂಡ ಸೇರುವ ಮುನ್ನ

ಹಗಲು ಸೈಕಲ್ ಸವಾರಿ, ರಾತ್ರಿ ಬಾರ್ಜ್‌ನಲ್ಲೇ (ಕಾಲುವೆಯಲ್ಲಿ ಸಾಗುವ ಚಪ್ಪಟೆ ತಳದ ದೊಡ್ಡ ದೋಣಿ) ಊಟ, ನಿದ್ದೆ. ಆಮ್‌ಸ್ಟರ್‌ಡ್ಯಾಮ್‌ನಿಂದ ಬೆಲ್ಜಿಯಂನ ಬ್ರೂಜ್‌ವರೆಗಿನ ಈ ಪ್ರವಾಸಕ್ಕೆ ಹೊರಟವರು ದಿನಕ್ಕೆ 30–50 ಕಿ.ಮೀ. ತುಳಿಯಬೇಕಲ್ಲ ಅಂತ ಹೆದರುತ್ತಾರೆ. ಕಾಲು ಹೇಗೋ ಒಗ್ಗುತ್ತದೆ. ಜನ ಎಡವುವುದು ಕೂಡುರಸ್ತೆಗಳಲ್ಲಿ.

ಮೊದಲು ಷೆಂಗೆನ್ ವೀಸಾ, ಅಂದರೆ ಹಾಲೆಂಡ್, ಬೆಲ್ಜಿಯಂ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ. ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು, ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣದ ವೈದ್ಯಕೀಯ ವಿಮೆ ಬೇಕು. ಸರಿಯಾದ ಅಳತೆಯ ಸೈಕಲ್ ಸಿಗಲು ಬುಕ್ ಮಾಡುವಾಗಲೇ ನಿಮ್ಮ ಎತ್ತರ ತಿಳಿಸಿ. ಸಸ್ಯಾಹಾರಿಯಾದರೆ ಮೀನು, ಮೊಟ್ಟೆ ಕೂಡ ಬೇಡ ಎಂದು ಬಿಡಿಸಿ ಬರೆಯಿರಿ. ಕ್ಯಾಬಿನ್ ಚಿಕ್ಕದು, ಬಟ್ಟೆಯ ಬ್ಯಾಗೇ ಒಳ್ಳೆಯದು.

ಸೈಕಲ್ ಕೈಗೆ ಬಂದ ಸಂಜೆಯೇ ದಡದಲ್ಲಿ ಅರ್ಧ ಗಂಟೆ ಓಡಿಸಿ. ಇದನ್ನು ತಪ್ಪಿಸಲೇಬೇಡಿ. ಅಲ್ಲಿನ ಎಷ್ಟೋ ಸೈಕಲ್‌ಗಳಲ್ಲಿ ಪೆಡಲ್ ಹಿಂದಕ್ಕೆ ತುಳಿದರೆ ಬ್ರೇಕ್ ಬೀಳುತ್ತದೆ. ನಿಂತಾಗ ಪೆಡಲನ್ನು ಸುಮ್ನೆ ಹಿಂದಕ್ಕೆ ತಿರುಗಿಸಿ ಮೇಲೆ ತಂದುಕೊಳ್ಳುವ ನಮ್ಮ ಅಭ್ಯಾಸ ಅಲ್ಲಿ ನಡೆಯುವುದಿಲ್ಲ. ನಿಲ್ಲುವ ಮೊದಲೇ ಒಂದು ಪೆಡಲ್ ಮೇಲೆ ಬಂದಿರಬೇಕು.

ಇನ್ನು ಬಲಬದಿಯ ಸವಾರಿ. ಗಿಜಿಗುಡುವ ರಸ್ತೆಯಲ್ಲಿ ಯಾರೂ ತಪ್ಪುವುದಿಲ್ಲ, ಮುಂದಿನವರನ್ನು ನೋಡಿ ಹೋಗುತ್ತಾರೆ. ಕಾಫಿ ಕುಡಿದು ಖಾಲಿ ದಾರಿಗೆ ಮತ್ತೆ ಇಳಿದಾಗ ಸೈಕಲ್ ತಾನಾಗಿ ಎಡಕ್ಕೆ ಹೋಗಿಬಿಡುತ್ತದೆ. ಹತ್ತುವ ಮುನ್ನ ಪ್ರತಿಸಲ ‘ಬಲಕ್ಕೆ’ ಅಂತ ಬಾಯಿಬಿಟ್ಟು ಹೇಳಿಕೊಳ್ಳಿ. ರಸ್ತೆ ದಾಟುವಾಗ ಮೊದಲು ಎಡಕ್ಕೆ ನೋಡಿ. ಎಡ ತಿರುವು ಅಲ್ಲಿ ದೊಡ್ಡ ತಿರುವು: ಹಿಂದೆ ನೋಡಿ, ಕೈ ಚಾಚಿ, ಆಮೇಲೆ ತಿರುಗಿ.

ನೆಲದ ಮೇಲಿನ ಬಿಳಿ ತ್ರಿಕೋನಗಳ ಚೂಪು ತುದಿ ನಿಮ್ಮತ್ತ ಇದ್ದರೆ ಅಡ್ಡ ಬರುವವರಿಗೆ ದಾರಿ ಬಿಡಿ. ಗುರುತೇನೂ ಇಲ್ಲದ ಕೂಡುರಸ್ತೆಯಲ್ಲಿ ಬಲದಿಂದ ಬರುವವರು ಮೊದಲು. ಮುಂದಿನವರು ದಾಟಿದರು ಅಂತ ನೀವೂ ನುಗ್ಗಬೇಡಿ, ತಂಡದವರು ತಿರುವಿನಲ್ಲಿ ಕಾಯುತ್ತಾರೆ. ಟ್ರಾಮ್ ಹಳಿಯನ್ನು ನೇರ ಅಡ್ಡಲಾಗಿ ದಾಟಿ, ಓರೆಯಾದರೆ ಚಕ್ರ ಸಿಕ್ಕಿಕೊಳ್ಳುತ್ತದೆ. ಫೋಟೊ ಬೇಕಾದರೆ ದಾರಿ ಬಿಟ್ಟು ಪೂರ್ತಿ ಪಕ್ಕಕ್ಕೆ ನಿಲ್ಲಿ. ಸವಾರಿ ಮಾಡುತ್ತಾ ಮೊಬೈಲ್ ಹಿಡಿಯುವುದು 2019ರಿಂದ ಹಾಲೆಂಡಿನಲ್ಲಿ ಅಪರಾಧ.

ಅಗ್ಗದ ಪಾಂಚೊ (ತಲೆಯಿಂದ ಹೊದೆಯುವ ಸಡಿಲ ಮಳೆ ಹೊದಿಕೆ) ಕೊಳ್ಳಬೇಡಿ, ಗಾಳಿಗೆ ಉಬ್ಬಿ ನಿಮ್ಮನ್ನೇ ಎಳೆಯುತ್ತದೆ. ಮಳೆ ಜಾಕೆಟ್, ಪ್ಯಾಂಟ್ ಇರಲಿ. ಜೆಲ್ ಸೀಟ್ ಕವರ್ ಜಾರುತ್ತದೆ, ಪ್ಯಾಡ್ ಇರುವ ಚಡ್ಡಿಯೇ ಸರಿ. ನೆಲ ಸಮತಟ್ಟಾದರೂ ಎದುರುಗಾಳಿ ಜಾಸ್ತಿ. ಮಂಡಿನೋವಿದ್ದವರು ಇ–ಬೈಕನ್ನೇ (ತುಳಿಯಲು ಮೋಟಾರ್ ನೆರವಾಗುವ ಸೈಕಲ್) ಕೇಳಿ ಪಡೆಯಿರಿ, ಬುಕಿಂಗ್ ಹೊತ್ತಿಗೇ.