ಗಂಡ ಅಂದರೆ ಸಾಕು ಅಂದುಕೊಂಡಿದ್ದೆ

ಇಂಗ್ಲೆಂಡಿಗೆ ಬಂದ ಹೊಸದರಲ್ಲಿ ಬ್ಯಾಂಕು, ಸ್ಕೂಲು, ಜಿಪಿ (ಇಲ್ಲಿನ ಫ್ಯಾಮಿಲಿ ಡಾಕ್ಟರು) ಅಂತ ಓಡಾಡುತ್ತೇವೆ. ನಾವೇ ಹೇಳಲಾಗದ ಸ್ಥಿತಿ ಬಂದರೆ ನಮ್ಮ ಪರವಾಗಿ ಯಾರು ತೀರ್ಮಾನ ಮಾಡಬೇಕು ಅಂತ ಬರೆದಿಡುವ ಒಂದು ಕಾಗದ ಮಾತ್ರ ಯಾರಿಗೂ ನೆನಪಾಗುವುದಿಲ್ಲ. ನನಗೂ ಹದಿಮೂರು ವರ್ಷ ನೆನಪಾಗಲಿಲ್ಲ.

ಹೆಂಡತಿ ಪ್ರಜ್ಞೆ ತಪ್ಪಿ ಆಸ್ಪತ್ರೆ ಸೇರಿದಾಗ ಜೋರು ಗಂಟಲಲ್ಲೇ ಕೇಳಿದ್ದೆ, "ನಾನು ಗಂಡ, ಸಹಿ ಎಲ್ಲಿ ಹಾಕಲಿ?" ಊರಲ್ಲಾದರೆ ಫಾರಂ ಮೊದಲು ನಮ್ಮ ಕೈಗೇ ಬರುತ್ತದೆ, ಅಲ್ವಾ? ಇಲ್ಲಿ ನನ್ನ ಸಹಿಗೆ ಬೆಲೆಯೇ ಇಲ್ಲ. 'ನೆಕ್ಸ್ಟ್ ಆಫ್ ಕಿನ್' (ಹತ್ತಿರದ ಸಂಬಂಧಿ) ಅಂತ ಬರೆಸಿದ್ದರೂ ಅಷ್ಟೇ. 2005ರ ಮೆಂಟಲ್ ಕೆಪಾಸಿಟಿ ಆಕ್ಟ್ ಪ್ರಕಾರ, ರೋಗಿ ಹೇಳುವ ಸ್ಥಿತಿಯಲ್ಲಿ ಇಲ್ಲದೆ, ಆ ಕಾಗದವೂ ಇಲ್ಲದಿದ್ದರೆ ಅವರ ಹಿತ ನೋಡಿ ಡಾಕ್ಟರೇ ತೀರ್ಮಾನ ಮಾಡುತ್ತಾರೆ. ಮನೆಯವರನ್ನು ವಿಚಾರಿಸುತ್ತಾರೆ, ಅಷ್ಟೇ.

ಉರಿದುಹೋಗಿತ್ತು. ಆಗ ಡಾಕ್ಟರು ಕೇಳಿದರು: "ನಿಮ್ಮ ಆಸೆ ಬಿಡಿ, ಅವರು ಏನು ಹೇಳುತ್ತಿದ್ದರು?" ಅವಳ ಪಾಸ್‌ಪೋರ್ಟ್ ನಂಬರ್ ನನಗೆ ಬಾಯಿಪಾಠ. ಇದು ಮಾತ್ರ ಗೊತ್ತಿರಲಿಲ್ಲ.

ಪುಣ್ಯಕ್ಕೆ ಚೇತರಿಸಿಕೊಂಡಳು. ಆಮೇಲೆ ಇಬ್ಬರೂ ಆ ಕಾಗದ, ಅಂದರೆ 'ಲಾಸ್ಟಿಂಗ್ ಪವರ್ ಆಫ್ ಅಟಾರ್ನಿ' ಮಾಡಿಸಿದೆವು. ಆರೋಗ್ಯದ್ದು ಬೇರೆ, ದುಡ್ಡಿನದು ಬೇರೆ. 18 ತುಂಬಿರಬೇಕು, ಬುದ್ಧಿ ಸರಿಯಿರುವಾಗಲೇ ಮಾಡಬೇಕು. ಸಾಕ್ಷಿ, ಸರ್ಟಿಫಿಕೇಟ್ ಪ್ರೊವೈಡರ್ (ನಾವು ತಿಳಿದೇ, ಯಾರ ಒತ್ತಾಯವೂ ಇಲ್ಲದೆ ಮಾಡುತ್ತಿದ್ದೇವೆ ಅಂತ ದೃಢೀಕರಿಸುವವರು), ಫೀಸು, ಪಬ್ಲಿಕ್ ಗಾರ್ಡಿಯನ್ ಅನ್ನುವ ಸರ್ಕಾರಿ ಆಫೀಸಿನಲ್ಲಿ ನೋಂದಣಿ. ವಾರಗಟ್ಟಲೆ ಹಿಡಿಯುತ್ತದೆ, ಆದರೆ ಕಷ್ಟವೇನಲ್ಲ. ನೋಂದಣಿ ಆಗದೆ ನಡೆಯುವುದಿಲ್ಲ. ಆದಮೇಲೂ ನಮಗೆ ಬುದ್ಧಿ ನೆಟ್ಟಗಿರುವ ತನಕ ಮಾತು ನಮ್ಮದೇ. (ಸ್ಕಾಟ್ಲೆಂಡಿನ ಕಾನೂನು ಬೇರೆ.)

ಅಲ್ಲೂ ಒಂದು ಎಡವಟ್ಟು ಮಾಡಿದೆ. ಹಿರಿಯ ಅನ್ನುವ ಮರ್ಯಾದೆಗೆ ಊರಲ್ಲಿರುವ ಅಣ್ಣನ ಹೆಸರು ಹಾಕಿದೆ. ಅವನೂ ಸುಮ್ನೆ ಸಹಿ ಮಾಡಿ ಕಳಿಸಿದ. ಜೀವ ಉಳಿಸುವ ಚಿಕಿತ್ಸೆ ಬೇಕೇ ಬೇಡವೇ ಅನ್ನುವುದನ್ನೂ ನಾವು ಹೆಸರು ಹಾಕಿದವರೇ ತೀರ್ಮಾನಿಸಬಹುದಾ ಅಂತ ಫಾರಂನಲ್ಲಿ ಒಂದು ಪ್ರಶ್ನೆ ಇದೆ. ಹೌದು ಅಂತ ಗುರುತು ಹಾಕಿದ್ದೆ. ಅದರ ಬಗ್ಗೆ ಮಾತೆತ್ತಿದ್ದೇ ತಡ, "ಬಿಡ್ತು ಅನ್ನು!" ಅಂದು ಫೋನ್ ಇಟ್ಟ. ಸಾವಿನ ಮಾತೇ ಬೇಡ ಅನ್ನುವವನು ಆ ಹೊತ್ತಿಗೆ ಏನು ತೀರ್ಮಾನ ಮಾಡಿಯಾನು? ಅದನ್ನು ರದ್ದು ಮಾಡಿ ಹೊಸದು ಮಾಡಿಸಿದೆ. ಮತ್ತೆ ಫೀಸು.

ಈಗ ಮಗಳ ಹೆಸರಿದೆ. ಅವಳ ಕನ್ನಡ ಅಷ್ಟಕ್ಕಷ್ಟೇ, ತಪ್ಪು ನಮ್ಮದೇ. ಕೊನೆಗಾಲದಲ್ಲಿ ಇಂಗ್ಲಿಷ್ ಪೂರ್ತಿ ಮರೆತು ನರ್ಸ್ ಜೊತೆ ಕನ್ನಡದಲ್ಲೇ ಮಾತಾಡಿದವರನ್ನು ಇಲ್ಲೇ ಕಂಡಿದ್ದೇನೆ. ನಾನೂ ಹಾಗಾದರೆ? ಅದಕ್ಕೆ ಒಂದು ಸಂಜೆ ಅವಳನ್ನು ಕೂರಿಸಿಕೊಂಡು ಹೇಳಿದೆ, ನಾನು "ಸಾಕು" ಅಂದರೆ ನೀರು ಸಾಕು ಅಂತಲೂ ಇರಬಹುದು, ಇದೆಲ್ಲ ಸಾಕು ಅಂತಲೂ ಇರಬಹುದು.

"ನೀನು ಎರಡೂ ಒಂದೇ ಥರ ಹೇಳ್ತೀಯಲ್ಲ ಅಪ್ಪಾ" ಅಂದಳು. ಇನ್ನೊಮ್ಮೆ ಹೇಳಿ ತೋರಿಸಿದೆ.